ಕಡೆದ ಮರದ ಚಿಪ್ಪು ಸ್ಕ್ರೂ ಥರ ಕಾಣುವುದೇಕೆ?

ಪ್ರಶ್ನೆ: ಮನೆಯಲ್ಲಿ ಮರ ತಿರುಗಿಸಿ ಕಡೆಯುವ ಒಂದು ಸಣ್ಣ ಲೇತ್ ಇಟ್ಟುಕೊಂಡು ಹವ್ಯಾಸಕ್ಕೆ ಬಟ್ಟಲು, ಹೂದಾನಿ ಕಡೆಯುತ್ತೇನೆ. ಮಲ್ಪೆ ತೀರದಲ್ಲಿ ಸಿಕ್ಕ ಉದ್ದನೆಯ ಮೊನಚಾದ ಚಿಪ್ಪೊಂದನ್ನು ನೋಡಿ ಅದೇ ಆಕಾರವನ್ನು ಮರದಲ್ಲಿ ಮಾಡಲು ಹೊರಟೆ. ಸುರುಳಿ ನೀಟಾಗಿಯೇ ಬಂತು. ಆದರೆ ನೋಡಿದವರೆಲ್ಲ "ಇದೇನು, ಇಷ್ಟು ದೊಡ್ಡ ಸ್ಕ್ರೂ?" ಅಂತಾರೆ. ಲೇತ್‌ನಲ್ಲಿ ಎಲ್ಲವೂ ದುಂಡಗೇ ಬರುತ್ತದಲ್ಲ, ಅದರಿಂದ ಚಿಪ್ಪು ಮಾಡಲು ಆಗುತ್ತದೆಯೇ? ಗೋಲ್ಡನ್ ರೇಷಿಯೋ, ಅಂದರೆ 1.618ರ ಲೆಕ್ಕ ಹಿಡಿಯಬೇಕೇ? ಯಾವ ಮರ ಒಳ್ಳೆಯದು? ಚನ್ನಪಟ್ಟಣದ ಗೊಂಬೆಗಳ ಹಾಗೆ ಅರಗಿನ ಬಣ್ಣ ಹಚ್ಚಬಹುದೇ? ಮುಂದೆ ನಾಟಿಲಸ್ ಎಂಬ ಸಮುದ್ರಜೀವಿಯ ಸುರುಳಿ ಚಿಪ್ಪು ಮಾಡುವ ಆಸೆಯೂ ಇದೆ.
– ಒಬ್ಬ ಓದುಗರು, ಉಡುಪಿ

ಉತ್ತರ: ಖಂಡಿತ ಆಗುತ್ತದೆ. ಸುರುಳಿ ನೀಟಾಗಿ ಬಂದಿದೆ ಎಂದರೆ ನಿಮ್ಮ ಕೈ ಸರಿಯಾಗಿಯೇ ಇದೆ. ತಪ್ಪಿರುವುದು ಅಳತೆ. ಸ್ಕ್ರೂನಲ್ಲಿ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ ಮೊದಲಿಂದ ಕೊನೆವರೆಗೆ ಒಂದೇ. ಚಿಪ್ಪಿನಲ್ಲಿ ಹಾಗಲ್ಲ. ತುದಿಯಿಂದ ಬುಡಕ್ಕೆ ಬರುತ್ತಾ ಬರುತ್ತಾ ಸುತ್ತಿನ ಎತ್ತರ, ಅದರ ಉಬ್ಬು, ಎರಡು ಸುತ್ತುಗಳ ನಡುವಿನ ತೋಡಿನ ಅಗಲ, ಆಳ ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಎಲ್ಲವೂ ಅಂದರೆ ಎಲ್ಲವೂ. ಸುತ್ತುಗಳ ಎತ್ತರ ಮಾತ್ರ ಬದಲಿಸಿ ತೋಡು ಒಂದೇ ಅಗಲ ಬಿಟ್ಟರೂ ಅದು ಸ್ಕ್ರೂ ಥರವೇ ಕಾಣುತ್ತದೆ.

ಇದಕ್ಕೆ ಕಾರಣ ಚಿಪ್ಪು ಬೆಳೆಯುವ ರೀತಿ. ಒಳಗಿರುವ ಹುಳು ಚಿಪ್ಪಿನ ಬಾಯಿಯ ಅಂಚಿನಲ್ಲಿ ಮಾತ್ರ ಹೊಸ ಪದರ ಸೇರಿಸುತ್ತದೆ. ಹಿಂದೆ ಕಟ್ಟಿದ ಭಾಗ ಹಾಗೇ ಉಳಿಯುತ್ತದೆ, ಅದು ಹಿಗ್ಗುವುದಿಲ್ಲ. ಹುಳು ದೊಡ್ಡದಾದರೂ ಅದರ ಮೈಯಾಕಾರ ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಸುತ್ತೂ ಹಿಂದಿನ ಸುತ್ತಿನ ದೊಡ್ಡ ನಕಲು. 1838ರಲ್ಲೇ ಇಂಗ್ಲೆಂಡಿನ ಹೆನ್ರಿ ಮೋಸ್ಲಿ ಚಿಪ್ಪುಗಳನ್ನು ಅಳೆದು ಈ ಪ್ರಮಾಣವನ್ನು ಗಣಿತದಲ್ಲಿ ತೋರಿಸಿದ್ದರು. 1966ರಲ್ಲಿ ಡೇವಿಡ್ ರೌಪ್ ಎಂಬ ಅಮೆರಿಕದ ವಿಜ್ಞಾನಿ ಇನ್ನೂ ಸರಳ ಮಾಡಿಕೊಟ್ಟರು. ಒಂದು ಸುತ್ತಿಗೆ ಚಿಪ್ಪು ಎಷ್ಟು ಪಟ್ಟು ಬೆಳೆಯುತ್ತದೆ, ಅಕ್ಷದ ಉದ್ದಕ್ಕೆ ಎಷ್ಟು ಕೆಳಗೆ ಇಳಿಯುತ್ತದೆ, ಅಕ್ಷದಿಂದ ಎಷ್ಟು ದೂರ ಸುತ್ತುತ್ತದೆ, ಬಾಯಿಯ ಆಕಾರ ಏನು, ಈ ನಾಲ್ಕು ಗೊತ್ತಿದ್ದರೆ ಹೆಚ್ಚುಕಡಿಮೆ ಯಾವ ಚಿಪ್ಪನ್ನಾದರೂ ಕಂಪ್ಯೂಟರಿನಲ್ಲಿ ಬರೆಯಬಹುದು ಎಂದು ತೋರಿಸಿದರು. ಕಡೆಯುವವರಿಗೆ ಇದಕ್ಕಿಂತ ಉಪಯೋಗದ ವಿಷಯ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕೈಗೆ ಸಿಕ್ಕ ಚಿಪ್ಪಿನ ಒಂದೊಂದು ಗೆರೆಯನ್ನೂ ನಕಲು ಮಾಡಲು ಹೋಗಬೇಡಿ. ಅದರ ಬೆಳವಣಿಗೆಯ ಪ್ರಮಾಣ ಹಿಡಿಯಿರಿ. ಉಳಿದದ್ದು ನಿಮ್ಮ ಇಷ್ಟ.

ನಿಮಗೆ ಸಿಕ್ಕಿದ್ದು ಬಹುಶಃ ಟರಿಟೆಲ್ಲಾ ಜಾತಿಯ ಚಿಪ್ಪು. ಲೇತ್ ಇರುವವರಿಗೆ ಇದು ಒಳ್ಳೆಯ ಆಯ್ಕೆ. ಯಾಕೆಂದರೆ ಅದರ ಮೂಲ ಆಕಾರ ಒಂದು ಶಂಕು, ಲೇತ್‌ಗೆ ಶಂಕು ಸುಲಭ. 150 ಮಿ.ಮೀ. ಉದ್ದ, ಬುಡದಲ್ಲಿ 45 ಮಿ.ಮೀ. ವ್ಯಾಸದ ಶಂಕು ಕಡೆಯಿರಿ. ಪಕ್ಕ ನೇರವಾಗಿರಲಿ. ಅಂದಕ್ಕೆಂದು ಸ್ವಲ್ಪ ಉಬ್ಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ, ಪಕ್ಕ ಉಬ್ಬಿದರೆ ಪ್ರಮಾಣ ಅಲ್ಲೇ ಕೆಡುತ್ತದೆ. ಬುಡದ ಕೊನೆಯಲ್ಲಿ ಮಾತ್ರ 15–20 ಮಿ.ಮೀ. ಜಾಸ್ತಿ ವ್ಯಾಸದ ಒಂದು ಪಟ್ಟಿ ಬಿಟ್ಟಿರಿ. ಅದು ಬಾಯಿಯ ತುಟಿಗೆ ಬೇಕು. ಆ ಪಟ್ಟಿಯನ್ನು 150ರ ಲೆಕ್ಕಕ್ಕೆ ಸೇರಿಸಬೇಡಿ.

ಈಗ ಸುತ್ತುಗಳನ್ನು ಗುರುತು ಹಾಕಬೇಕು. ಇದಕ್ಕೆ ಒಂದು ಸುಲಭ ಲೆಕ್ಕವಿದೆ. ಮೊದಲ ಸುತ್ತಿಗೆ ಇಡೀ ಉದ್ದದ ಐದರಲ್ಲಿ ಒಂದು ಭಾಗ ಕೊಡಿ. ಮುಂದಿನ ಸುತ್ತಿಗೆ ಉಳಿದ ಉದ್ದದ ಐದರಲ್ಲಿ ಒಂದು ಭಾಗ. ಹೀಗೇ ತುದಿವರೆಗೆ. 150ರಲ್ಲಿ 30 ಹೋದರೆ ಉಳಿಯುವುದು 120. ಅದರಲ್ಲಿ 24 ಹೋದರೆ 96. ಆಮೇಲೆ 19.2, 15.4, 12.3, 9.8. ಲೆಕ್ಕಕ್ಕೆ ಇದು ಮುಗಿಯುವುದೇ ಇಲ್ಲ, ಸುತ್ತುಗಳು ಸಣ್ಣದಾಗುತ್ತಲೇ ಹೋಗುತ್ತವೆ. ಎಂಟು ಸುತ್ತಾದ ಮೇಲೆ ಸುಮಾರು 25 ಮಿ.ಮೀ. ತುದಿ ಉಳಿಯುತ್ತದೆ. ಅಲ್ಲಿ ಪೆನ್ಸಿಲ್ ಬಿಟ್ಟು ಕಣ್ಣಳತೆಗೆ ಹೋಗಿ. ಗಿಡ್ಡನೆಯ ಚಿಪ್ಪು ಬೇಕಾದರೆ ಐದರಲ್ಲಿ ಒಂದರ ಬದಲು ಮೂರರಲ್ಲಿ ಒಂದು ಹಿಡಿದು, ಶಂಕುವಿನ ಬುಡ ಅಗಲ ಮಾಡಿ. ಇನ್ನೂ ಸಪೂರ ಬೇಕಾದರೆ ಏಳರಲ್ಲಿ ಒಂದು.

ಒಂದೇ ಸುತ್ತಿನೊಳಗೂ ಗೆರೆಯ ಏರಿಕೆ ಸಮನಾಗಿರುವುದಿಲ್ಲ ಎನ್ನುವುದನ್ನು ಮರೆಯಬೇಡಿ. ಶಂಕುವಿನ ಮೇಲೆ ಬುಡದಿಂದ ತುದಿಗೆ ಎಂಟು ಉದ್ದ ಗೆರೆ ಎಳೆಯಿರಿ. ಮರ ಹಿಡಿಯುವ ಚಕ್‌ನಲ್ಲಿ ಇಂಡೆಕ್ಸ್ (ಮರವನ್ನು ಸಮ ಭಾಗಗಳಲ್ಲಿ ತಿರುಗಿಸಿ ನಿಲ್ಲಿಸುವ ವ್ಯವಸ್ಥೆ) ಇದ್ದರೆ ಉಳಿ ಆನಿಸುವ ಟೂಲ್ ರೆಸ್ಟ್‌ಗೆ ಪೆನ್ಸಿಲ್ ಒತ್ತಿ ಹಿಡಿದು ಎಳೆದರೆ ಸಾಕು. ಮೊದಲ ಗೆರೆಯ ಬುಡದಿಂದ ಶುರು ಮಾಡಿ, ಪಕ್ಕದ ಗೆರೆಗೆ ಹೋಗುವಾಗ 4.1 ಮಿ.ಮೀ. ಮೇಲೆ ಹೋಗಿ. ಅದರ ಮುಂದಿನದಕ್ಕೆ 4.0, ಆಮೇಲೆ 3.9, 3.8, 3.7, 3.6, 3.5, 3.4. ಒಟ್ಟು ಸೇರಿಸಿದರೆ 30, ಒಂದು ಸುತ್ತು ಮುಗಿಯಿತು. ಮುಂದಿನ ಸುತ್ತಿಗೆ ಇವೇ ಅಂಕಿಗಳನ್ನು 0.8ರಿಂದ ಗುಣಿಸಿ. ಇಷ್ಟು ಸೂಕ್ಷ್ಮ ಅಳತೆ ಪೆನ್ಸಿಲ್‌ನಲ್ಲಿ ಎಲ್ಲಿ ಬರುತ್ತೆ ಅಂತ ನಿಮಗೆ ಅನಿಸಬಹುದು. ಬರುವುದಿಲ್ಲ, ಪರವಾಗಿಲ್ಲ. ಗುರುತುಗಳನ್ನು ಸೇರಿಸಿ ಒಂದು ತೆಳು ಮಾಸ್ಕಿಂಗ್ ಟೇಪ್ ಸುತ್ತಿ ನೋಡಿ. ಟೇಪ್ ಎಲ್ಲೂ ಮಡಚದೆ, ಎಲ್ಲೂ ಸಡಿಲವಾಗದೆ ಕೂತರೆ ಗೆರೆ ಸರಿ. ಎಲ್ಲಾದರೂ ಸುಕ್ಕಾದರೆ ಅಲ್ಲಿನ ಗುರುತು ತಪ್ಪಿದೆ. ಟೇಪಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆದುಕೊಳ್ಳಿ.

ಗೆರೆ ಎಳೆಯುವ ಮೊದಲೇ ದಿಕ್ಕು ನೋಡಿಕೊಳ್ಳಿ. ತುದಿ ಮೇಲೆ ಮಾಡಿ, ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ ಹಿಡಿದರೆ ಹೆಚ್ಚಿನ ಚಿಪ್ಪುಗಳಲ್ಲಿ ಬಾಯಿ ಬಲಕ್ಕೆ ಇರುತ್ತದೆ. ಮಾಮೂಲಿ ಸ್ಕ್ರೂನ ಸುರುಳಿಯ ದಿಕ್ಕೂ ಇದೇ. ಎಡಕ್ಕೆ ಬಾಯಿ ಇರುವುದು ಅಪರೂಪ. ನಮ್ಮಲ್ಲಿ ಪೂಜೆಗೆ ಬೆಲೆಕಟ್ಟಲಾಗದ್ದು ಎನ್ನುವ ಬಲಮುರಿ ಶಂಖ ಆ ಅಪರೂಪದ ಗುಂಪಿಗೆ ಸೇರಿದ್ದು. ಪೂಜೆಯಲ್ಲಿ ಶಂಖವನ್ನು ತಲೆಕೆಳಗಾಗಿ ಹಿಡಿದು ನೋಡುವುದರಿಂದ ಜೀವಶಾಸ್ತ್ರದವರು ಎಡ ಎನ್ನುವುದು ಅಲ್ಲಿ ಬಲವಾಗುತ್ತದೆ. ಗೊತ್ತಿದ್ದೇ ತಿರುಗಿಸಿದರೆ ಚಂದ. ಗೊತ್ತಿಲ್ಲದೆ ತಿರುಗಿದರೆ ಕಡಲ ತೀರದವರು ತಕ್ಷಣ ಹಿಡಿಯುತ್ತಾರೆ.

ಇನ್ನು ಕೆತ್ತನೆ. ಸಣ್ಣ ಹಲ್ಲಿನ ಗರಗಸದ ಅಲಗಿಗೆ ಟೇಪ್ ಸುತ್ತಿ ಆಳದ ಮಿತಿ ಮಾಡಿಕೊಳ್ಳಿ. ಗೆರೆಯ ಮೇಲೆ ಗರಗಸ ಇಟ್ಟು, ಎಡಗೈಯಲ್ಲಿ ಮರವನ್ನು ನಿಧಾನ ತಿರುಗಿಸುತ್ತಾ ಕೊಯ್ಯಿರಿ. ಲೇತ್‌ನ ಪ್ಲಗ್ ಕಿತ್ತಿರಬೇಕು. ಬುಡದ ಸುತ್ತಿನಲ್ಲಿ 5 ಮಿ.ಮೀ. ಆಳ ಹೋದರೆ ಅದರ ಮೇಲಿನ ಸುತ್ತಿನಲ್ಲಿ 4, ಆಮೇಲೆ 3.2, 2.6. ಅಂದರೆ ಗರಗಸದ ಟೇಪನ್ನು ಪ್ರತಿ ಸುತ್ತಿಗೂ ಬದಲಿಸಬೇಕು. ಬೇಜಾರಿನ ಕೆಲಸ, ಆದರೆ ಸ್ಕ್ರೂ ಚಿಪ್ಪಾಗುವುದು ಇಲ್ಲೇ. ಅಗಲ ಮಾಡಲು ದುಂಡನೆ ಅರ ಬಳಸುತ್ತೀರಲ್ಲ, ಅದೂ ಒಂದೇ ಸೈಜಿನದ್ದು ಸಾಲದು. ಕನಿಷ್ಠ ಮೂರು ಬೇಕು. ಬುಡದ ಮೂರು ಸುತ್ತಿಗೆ ದಪ್ಪದ್ದು, ನಡುವಿಗೆ ಮಧ್ಯಮ, ತುದಿಗೆ ಇಲಿಬಾಲದಂಥ ಸಪೂರ ಅರ. ನೀವು ಇಡೀ ಸುರುಳಿಗೆ ಒಂದೇ ಅರ ಬಳಸಿದ್ದೀರಿ ಅಂತ ನನ್ನ ಊಹೆ. ಹೆಚ್ಚಿನವರು ಹಾಗೇ ಮಾಡುವುದು.

ತೋಡು ಆದ ಮೇಲೆ ಎರಡು ತೋಡುಗಳ ನಡುವಿನ ಮರವನ್ನು ಉಬ್ಬಾಗಿ ದುಂಡಗೆ ಮಾಡಬೇಕು. ಇಲ್ಲಿ ನಿಜವಾದ ಚಿಪ್ಪನ್ನು ಪಕ್ಕದಲ್ಲಿಟ್ಟುಕೊಳ್ಳಿ. ಉಬ್ಬಿನ ಅತಿ ಎತ್ತರದ ಜಾಗ ಸುತ್ತಿನ ನಟ್ಟನಡುವೆ ಇರುವುದಿಲ್ಲ, ಎಷ್ಟೋ ಚಿಪ್ಪುಗಳಲ್ಲಿ ಸ್ವಲ್ಪ ಬುಡದ ಕಡೆಗೆ ಜಾರಿರುತ್ತದೆ. ಬೆರಳಿನಿಂದ ಸವರಿದರೆ ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ. ಆ ಸಣ್ಣ ಜಾರು ಬಂದ ಕೂಡಲೇ ಮರಕ್ಕೆ ಭಾರ ಬರುತ್ತದೆ, ಒಳಗೆ ಏನೋ ತುಂಬಿದೆ ಅನ್ನಿಸುತ್ತದೆ. ಕೊನೆಗೆ ಬಟ್ಟೆ ಬೆನ್ನಿನ ಸ್ಯಾಂಡ್ ಪೇಪರನ್ನು ಉದ್ದ ಪಟ್ಟಿಗಳಾಗಿ ಹರಿದು ಸುರುಳಿಯ ಉದ್ದಕ್ಕೂ ಉಜ್ಜಿ. ಅಡ್ಡಕ್ಕೆ ಉಜ್ಜಬೇಡಿ, ಗೀರು ಉಳಿದುಬಿಡುತ್ತದೆ.

ಬಾಯಿಗೆ ಬಿಟ್ಟ ಪಟ್ಟಿ ನೆನಪಿದೆಯಲ್ಲ? ಸುರುಳಿ ಕೊನೆಯಾಗುವ ಜಾಗದಿಂದ ಸುಮಾರು ಕಾಲು ಸುತ್ತು ಮಾತ್ರ ಉಳಿಸಿ, ಉಳಿದದ್ದನ್ನು ಕೆತ್ತಿ ತೆಗೆಯಿರಿ. ಆಗ ಒಂದು ಕಡೆ ಮಾತ್ರ ತುಟಿ ಹೊರಕ್ಕೆ ಚಾಚುತ್ತದೆ. ಲೇತ್‌ನ ದುಂಡುತನ ಹೋಗುವುದು ಇದರಿಂದಲೇ. ಒಳಗಿನ ಟೊಳ್ಳಿಗೆ ಕೆತ್ತನೆಗೆ ಮುಂಚೆಯೇ ಓರೆಯಾಗಿ ಡ್ರಿಲ್ ಹಾಕಿಕೊಳ್ಳಿ. ಇಡೀ ಚಿಪ್ಪು ಟೊಳ್ಳಾಗಬೇಕಿಲ್ಲ. ಕಣ್ಣು ಹೋಗುವಷ್ಟು ದೂರ ಹೋದರೆ ಸಾಕು, ಆದರೆ ಅಷ್ಟು ದೂರವೂ ನುಣ್ಣಗಿರಬೇಕು. ತುಟಿಯ ಅಂಚು 2–3 ಮಿ.ಮೀ. ತೆಳುವಾಗಲಿ. ತುಟಿ ದಪ್ಪವಾದರೆ ಇಡೀ ಚಿಪ್ಪು ಮರದ ತುಂಡಾಗಿಯೇ ಉಳಿಯುತ್ತದೆ.

ನಡುವೆ ಸುರುಳಿ ಸಾಕೆನಿಸಿದರೆ ಸೀ ಅರ್ಚಿನ್ ಎಂಬ ಮುಳ್ಳುಮೈಯ ಸಮುದ್ರಜೀವಿಯನ್ನು ಮಾಡಿ. ಮುಳ್ಳು ಉದುರಿದ ಮೇಲೆ ಉಳಿಯುವ ಅದರ ದುಂಡನೆ ಗೂಡಂತೂ ಲೇತ್‌ಗೇ ಹೇಳಿ ಮಾಡಿಸಿದ್ದು. ಚಪ್ಪಟೆ ಗೋಳ ಕಡೆದು, ಕೆಳಗಿನ ರಂಧ್ರದಿಂದ ಒಳಗೆ ಟೊಳ್ಳು ಮಾಡಿದರೆ ಆಕಾರ ಮುಗಿಯಿತು. ಉಳಿದದ್ದು ಮೈಮೇಲಿನ ಚುಕ್ಕಿಗಳು. ಅದರ ಮೈ ಐದರ ಲೆಕ್ಕದಲ್ಲಿ ಕಟ್ಟಿದ್ದು: ಐದು ಅಗಲ ಪಟ್ಟಿ, ಐದು ಸಪೂರ ಪಟ್ಟಿ, ಪ್ರತಿ ಪಟ್ಟಿಯಲ್ಲಿ ಎರಡು ಸಾಲು, ಒಟ್ಟು ಇಪ್ಪತ್ತು ಸಾಲು. ಒಂದು ತೊಡಕಿದೆ. ನಿಮ್ಮ ಲೇತ್‌ನ ಇಂಡೆಕ್ಸ್‌ನಲ್ಲಿ 24 ರಂಧ್ರ ಇದ್ದರೆ ಅದರಲ್ಲಿ ಐದು ಭಾಗ ಬರುವುದಿಲ್ಲ. ಕಾಗದದ ಪಟ್ಟಿಯನ್ನು ಗೋಳದ ನಡುವಿಗೆ ಸುತ್ತಿ, ಸರಿಯಾಗಿ ಕತ್ತರಿಸಿ, ಅದನ್ನು ಬಿಡಿಸಿ ಸ್ಕೇಲ್‌ನಲ್ಲಿ ಐದು ಭಾಗ ಮಾಡಿ ಮತ್ತೆ ಸುತ್ತಿ. ಚುಕ್ಕಿಗಳು ನಡುವಿನಲ್ಲಿ ದೊಡ್ಡದು, ಮೇಲೆ ಕೆಳಗೆ ಹೋಗುತ್ತಾ ಸಣ್ಣದು. ಇಲ್ಲೂ ಅದೇ ಪ್ರಮಾಣದ ಮಾತು.

ನಾಟಿಲಸ್ ಮತ್ತು ಗೋಲ್ಡನ್ ರೇಷಿಯೋ. ಇವೆರಡನ್ನೂ ಒಟ್ಟಿಗೆ ಹೇಳುವ ರೂಢಿ ಬಿದ್ದುಹೋಗಿದೆ, ಆದರೆ ಅಳೆದರೆ ಹೊಂದುವುದಿಲ್ಲ. ನಾಟಿಲಸ್ ಒಂದು ಸುತ್ತಿಗೆ ಸುಮಾರು ಮೂರು ಪಟ್ಟು ಬೆಳೆಯುತ್ತದೆ. ಗೋಲ್ಡನ್ ರೇಷಿಯೋ ಮೇಲೆ ಎಳೆಯುವ ಸುರುಳಿ ಒಂದು ಸುತ್ತಿಗೆ 6.85 ಪಟ್ಟು ಬೆಳೆಯುತ್ತದೆ. ಆ ಲೆಕ್ಕ ಹಿಡಿದು ಮಾಡಿದರೆ ಬಾಯಿ ಬಿರಿದ ವಿಚಿತ್ರ ಆಕಾರ ಬರುತ್ತದೆ. ನಿಮ್ಮ ಕಣ್ಣು "ಏನೋ ಸರಿಯಿಲ್ಲ" ಅಂದರೆ ಕಣ್ಣನ್ನೇ ನಂಬಿ.

ನಾಟಿಲಸ್ ಒಂದೇ ಸಮತಲದಲ್ಲಿ ಸುತ್ತುತ್ತದೆ, ಶಂಕುವಿನ ಉಪಾಯ ಅಲ್ಲಿ ನಡೆಯುವುದಿಲ್ಲ. ಜೊತೆಗೆ ಅದರ ಹೊರ ಸುತ್ತು ಒಳ ಸುತ್ತುಗಳನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದರಿಂದ ಮೊದಲು ಅಮ್ಮೋನೈಟ್ ಮಾಡಿ ಅಂತ ನನ್ನ ಸಲಹೆ. ಅದು ಸುರುಳಿ ಚಿಪ್ಪಿನ, ಈಗ ಅಳಿದುಹೋದ ಸಮುದ್ರಜೀವಿ. ಗಂಡಕಿ ನದಿಯ ಸಾಲಿಗ್ರಾಮದೊಳಗೆ ಕಾಣುವ ಚಕ್ರ ಇದೇ ಅಮ್ಮೋನೈಟ್‌ನ ಪಳೆಯುಳಿಕೆ. ಅದರ ಎಷ್ಟೋ ಜಾತಿಗಳಲ್ಲಿ ಸುತ್ತುಗಳೆಲ್ಲ ಹೊರಗೆ ಕಾಣುತ್ತವೆ. ಇದನ್ನು ರಿಂಗ್‌ಗಳಿಂದ ಕಟ್ಟಬಹುದು. ಒಂದು ಸುತ್ತಿಗೆ ಎರಡು ಪಟ್ಟು ಬೆಳವಣಿಗೆ ಎಂದು ಇಟ್ಟುಕೊಳ್ಳಿ. ಆಗ ಕಾಲು ಸುತ್ತಿಗೆ 1.19 ಪಟ್ಟು. ಹೊರ ವ್ಯಾಸ 160 ಮಿ.ಮೀ., ನಡುವಿನ ರಂಧ್ರ 80 ಮಿ.ಮೀ. ಇರುವ ದುಂಡನೆ ಮೈಯ ರಿಂಗ್ ಕಡೆಯಿರಿ. ಅದರ ದಪ್ಪ 40 ಆಗುತ್ತದೆ. ಮುಂದಿನ ರಿಂಗ್‌ಗಳ ಹೊರ ವ್ಯಾಸ 135, 113, 95. ಒಳ ಸುತ್ತಿಗೆ 80, 67, 57, 48. ರಂಧ್ರ ಯಾವಾಗಲೂ ಹೊರ ವ್ಯಾಸದ ಅರ್ಧ. ಈ ಪ್ರಮಾಣದಲ್ಲಿ ಮಾತ್ರ ಒಳ ಸುತ್ತು ಹೊರ ಸುತ್ತಿಗೆ ತಾಗಿ ಕೂರುತ್ತದೆ. ಪ್ರತಿ ರಿಂಗನ್ನೂ ನಾಲ್ಕು ಭಾಗ ಮಾಡಿ, ಒಂದೊಂದು ರಿಂಗ್‌ನಿಂದ ಒಂದೊಂದು ಕಾಲು ಭಾಗ ತೆಗೆದು ಸಾಲಾಗಿ ಅಂಟಿಸುತ್ತಾ ಹೋಗಿ. ಉಳಿದ ತುಂಡುಗಳಿಂದ ಇನ್ನೂ ಮೂರು ಅಮ್ಮೋನೈಟ್ ಆಗುತ್ತವೆ.

ಅಂಟಿಸಿದ ಕಡೆ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಮೆಟ್ಟಿಲು ಬರುತ್ತದೆ, 40ರ ಪಕ್ಕ 34. ದೊಡ್ಡ ತುಂಡನ್ನು ಆ ತುದಿಗೆ ಬರುತ್ತಾ ಅರದಿಂದ ಸಪೂರ ಮಾಡಿ. ಕೆಲವು ಬೆಸುಗೆಗಳಲ್ಲಿ ಮರದ ಎಳೆಯ ತುದಿ ಸಿಗುತ್ತದೆ, ಅಲ್ಲಿ ಬರೀ ಫೆವಿಕಾಲ್ ನಿಲ್ಲುವುದಿಲ್ಲ. ಒಳಗೆ ಒಂದು ಬಿದಿರಿನ ಗೂಟ ಕೊಡಿ. ಬೆಸುಗೆಯ ಗೆರೆ ಕಾಣುತ್ತದಲ್ಲ ಅನ್ನುವ ಚಿಂತೆ ಬೇಡ. ಅಮ್ಮೋನೈಟ್‌ನ ಮೈಮೇಲೆ ಅಡ್ಡ ಏಣುಗಳಿರುತ್ತವೆ, ಒಂದು ತೋಡನ್ನು ಸರಿಯಾಗಿ ಬೆಸುಗೆಯ ಮೇಲೆ ಕೆತ್ತಿದರೆ ಗೆರೆ ಅದರಲ್ಲಿ ಮುಚ್ಚಿಹೋಗುತ್ತದೆ.

ರಿಂಗ್ ಕಡೆದು ಕತ್ತರಿಸುವ ಈ ವಿದ್ಯೆ ಹಳೆಯದು. ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಲ್ಲಿ ಸೈಫೆನ್ ಎಂಬ ಊರಿದೆ. ಅಲ್ಲಿನವರು ಹಸಿ ಸ್ಪ್ರೂಸ್ ಮರದ ರಿಂಗ್ ಕಡೆಯುತ್ತಾರೆ. ಅದನ್ನು ಸೀಳಿದರೆ ಪ್ರತಿ ಸೀಳಿನಲ್ಲೂ ಒಂದು ಕುದುರೆಯೋ ಹಸುವೋ ಬರುತ್ತದೆ. ಒಳಗಿನ ಆಕಾರ ಕಣ್ಣಿಗೆ ಕಾಣದೆಯೇ ಕಡೆಯುವ ಅವರ ಕೆಲಸದ ವಿಡಿಯೋ ಸಿಕ್ಕರೆ ತಪ್ಪದೇ ನೋಡಿ. ಚಿಪ್ಪಿನ ಬಗ್ಗೆ ನಿಮ್ಮ ಯೋಚನೆಯೇ ಬದಲಾಗುತ್ತದೆ. ಹಾಗೆಯೇ ಸುರುಳಿ ಕೆತ್ತನೆಗೆ ಇಂಗ್ಲೆಂಡಿನ ಸ್ಟುವರ್ಟ್ ಮಾರ್ಟಿಮರ್, ಅಕ್ಷ ಬದಲಿಸಿ ಕಡೆಯುವುದಕ್ಕೆ ಫ್ರಾನ್ಸಿನ ಜಾನ್ ಫ್ರಾಂಸ್ವಾ ಎಸ್ಕೂಲೆನ್, ಸಮುದ್ರದ ಸೂಕ್ಷ್ಮ ಜೀವಿಗಳ ಆಕಾರಕ್ಕೆ ಬ್ರಿಟನ್ನಿನ ಲೂಯಿಸ್ ಹಿಬರ್ಟ್ ಇವರ ಕೆಲಸಗಳನ್ನು ಹುಡುಕಿ ನೋಡಿ. ಹಿಬರ್ಟ್ ಅವರದ್ದು ನನಗೆ ತುಂಬಾ ಇಷ್ಟ. ಅವರ ಪುಟ್ಟ ಡಬ್ಬಿಗಳು ಯಾವುದೇ ಒಂದು ಜೀವಿಯ ನಕಲಲ್ಲ, ಆದರೂ ಸಮುದ್ರದಲ್ಲಿ ಇಂಥದ್ದೊಂದು ಇರಲೇಬೇಕು ಅನ್ನಿಸುತ್ತದೆ.

ಅಂದ ಹಾಗೆ, ಮಾದರಿಗೆಂದು ನಾಟಿಲಸ್ ಚಿಪ್ಪು ಕೊಳ್ಳಲು ಹೋಗಬೇಡಿ. ಅದು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಜೀವಿ. ಫೋಟೋ ಸಾಕು.

ಮರದ ವಿಷಯಕ್ಕೆ ಬಂದರೆ, ನನ್ನ ಮೊದಲ ಆಯ್ಕೆ ಹಾಲೆ ಮರ. ಆಲೆ ಮರ ಅಂತಲೂ ಅನ್ನುತ್ತಾರೆ. ಚನ್ನಪಟ್ಟಣದ ಗೊಂಬೆಗಳು ಹುಟ್ಟುವುದು ಇದರಲ್ಲೇ, ಆಂಧ್ರದ ಏಟಿಕೊಪ್ಪಾಕ ಗೊಂಬೆಗಳೂ ಅಷ್ಟೆ. ದಂತದಂಥ ಬಿಳುಪು, ಎಳೆ ತುಂಬಾ ನಯ, ತುಟಿ ತೆಳುವಾದರೂ ಚೂರು ಏಳುವುದಿಲ್ಲ. ಎಳೆ ಎದ್ದು ಕಾಣುವ ಮರದಲ್ಲಿ ಸಣ್ಣ ಸುರುಳಿ ಮಾಡಿದರೆ ಕಣ್ಣಿಗೆ ಮರದ ಗೆರೆ ಕಾಣುತ್ತದೆಯೇ ಹೊರತು ಸುತ್ತು ಕಾಣುವುದಿಲ್ಲ. ಹಾಗಾಗಿ ಟರಿಟೆಲ್ಲಾಗೆ ತೇಗ ಬೇಡ. ದೊಡ್ಡ ಅಮ್ಮೋನೈಟ್‌ಗೆ ಹಲಸು ಚೆನ್ನಾಗಿರುತ್ತದೆ, ಅದರ ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತಾ ಹೋಗುತ್ತದೆ. ಬೀಟೆಯ ಹಳೆಯ ತುಂಡು ಸಿಕ್ಕರೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಅದರ ಪುಡಿ ಹಲವರಿಗೆ ಅಲರ್ಜಿ. ಯಾವ ಮರವಾದರೂ ಕಾಂಡದ ನಟ್ಟನಡುವಿನ ಮೆತ್ತನೆ ತಿರುಳು ಇರುವ ಭಾಗ ಬಿಡಿ, ಬಿರುಕು ಅಲ್ಲಿಂದಲೇ ಶುರುವಾಗುವುದು. ಉಡುಪಿಯ ಮಳೆಗಾಲದಲ್ಲಿ ಮರ ಬೇಗ ಒಣಗುವುದೂ ಇಲ್ಲ, ಕೊಯ್ದ ತುಂಡಿನ ಎರಡೂ ತುದಿಗೆ ಮೇಣ ಹಚ್ಚಿ ಗಾಳಿಯಾಡುವ ಕಡೆ ಇಡಿ.

ಅರಗಿನ ಬಣ್ಣ ಹಚ್ಚಬಹುದು, ಆದರೆ ಯಾವಾಗ ಎನ್ನುವುದು ಮುಖ್ಯ. ಚನ್ನಪಟ್ಟಣದಲ್ಲಿ ಮರ ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಒಣ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಮೈ ದುಂಡಗಿದ್ದರೆ ಮಾತ್ರ ಇದು ನಡೆಯುವುದು. ಸುರುಳಿ ಕೆತ್ತಿದ ಮೇಲೆ ಕಡ್ಡಿ ಉಬ್ಬಿಗೆ ತಾಗುತ್ತದೆ, ತೋಡಿನೊಳಗೆ ಇಳಿಯುವುದಿಲ್ಲ, ಏಟು ಬಿದ್ದು ಮುರಿಯಲೂಬಹುದು. ಅದಕ್ಕೆ ನುಣ್ಣನೆ ಶಂಕು ಇರುವಾಗಲೇ ಅರಗು ಹಚ್ಚಿ. ಬುಡದಲ್ಲಿ ಕಂದು, ಮೇಲೆ ಹೋಗುತ್ತಾ ತಿಳಿ ಹಳದಿ, ಹೀಗೆ ಪಟ್ಟಿ ಪಟ್ಟಿಯಾಗಿ. ನಂತರ ಅದರ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ ಗೆರೆ ಎಳೆದು ತೋಡು ಕೊಯ್ಯಿರಿ. ಉಬ್ಬಿನ ನೆತ್ತಿಯಲ್ಲಿ ಬಣ್ಣ ಉಳಿಯುತ್ತದೆ, ಇಳಿಜಾರಿನಲ್ಲಿ ಮಾಸುತ್ತದೆ, ತೋಡಿನಲ್ಲಿ ಹಾಲೆ ಮರದ ಬಿಳುಪು ಎದ್ದು ಬರುತ್ತದೆ. ಉಜ್ಜುವಾಗ ನೆತ್ತಿಯ ಕಡೆ ಕೈ ಹಗುರವಾಗಿರಲಿ, ಅರಗಿನ ಪದರ ತೆಳು. ಬಿಳಿ ಉಳಿದ ಜಾಗಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಶೆಲ್ಲಾಕನ್ನು, ಅಂದರೆ ಬಡಗಿಗಳ ಫ್ರೆಂಚ್ ಪಾಲಿಶನ್ನು, ಸಣ್ಣ ಬ್ರಷ್‌ನಿಂದ ತೆಳ್ಳಗೆ ಹಚ್ಚಿ. ಅದೂ ಅರಗಿನಿಂದಲೇ ಬಂದದ್ದಾದ್ದರಿಂದ ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆದರೆ ಸ್ಪಿರಿಟ್ ಬಣ್ಣದ ಅರಗನ್ನೂ ಕರಗಿಸುತ್ತದೆ. ಬ್ರಷ್ ನೆತ್ತಿಗೆ ತಾಗದಂತೆ ನೋಡಿಕೊಳ್ಳಿ, ಒಂದು ಸಲ ಹಚ್ಚಿದ ಜಾಗವನ್ನು ಒಣಗುವ ಮುಂಚೆ ಮತ್ತೆ ಮುಟ್ಟಬೇಡಿ.